ಗ್ರಾಫು ಓದುವವನ ಕಣ್ಣು

ನಮ್ಮ ಕೆಲಸಕ್ಕೆ ಊರಿನಲ್ಲಿ ಹೆಸರಿರಲಿಲ್ಲ. ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ "ಏನ್ ಕೆಲ್ಸ ಆಚಾರ್ರೆ ನಿಮ್ದು?" ಎಂದು ಕೇಳಿದರೆ ನಾನು "ಗ್ರಾಫು ಓದೋದು" ಎನ್ನುತ್ತಿದ್ದೆ. "ಓದಿ ಏನ್ ಮಾಡ್ತೀರಿ?" ಎಂದರೆ "ಓದಿ ಅಂಕಿ ಬರೀತೀನಿ" ಎನ್ನುತ್ತಿದ್ದೆ. ಅಷ್ಟರಲ್ಲಿ ಅವರ ಬಸ್ಸು ಬಂದಿರುತ್ತಿತ್ತು. ಮೂವತ್ತು ವರ್ಷ ಇಷ್ಟೇ ವಿವರಣೆ ಕೊಟ್ಟುಕೊಂಡು ಕಾಲ ಕಳೆದೆ.

ಈಗ ಈ ಕೆಲಸಕ್ಕೆ ಸೇರುತ್ತಿರುವವರಿಗೆ ಸ್ವಲ್ಪ ಹೆಚ್ಚು ಹೇಳಬೇಕು. ಸಂಶೋಧಕರು ತಮ್ಮ ಪ್ರಬಂಧಗಳಲ್ಲಿ ಪ್ರಯೋಗದ ಅಂಕಿಗಳನ್ನೆಲ್ಲ ಅಚ್ಚು ಹಾಕಿಸುವುದಿಲ್ಲ. ಒಂದು ಗ್ರಾಫು ಬರೆದು ಬಿಟ್ಟುಬಿಡುತ್ತಾರೆ. ಎಷ್ಟೋ ವರ್ಷಗಳ ಮೇಲೆ ಇನ್ನೊಬ್ಬರಿಗೆ ಆ ಅಂಕಿಗಳೇ ಬೇಕಾಗುತ್ತವೆ. ಬರೆದವರು ನಿವೃತ್ತರಾಗಿರುತ್ತಾರೆ, ಅವರ ನೋಟ್ ಬುಕ್ಕುಗಳು ಗೆದ್ದಲಿಗೆ ಹೋಗಿರುತ್ತವೆ. ಆಗ ಗೆರೆಯನ್ನು ಮತ್ತೆ ಅಂಕಿ ಮಾಡಿಕೊಡುವವರು ನಾವು.

ನನ್ನನ್ನು ಬೀಳ್ಕೊಟ್ಟ ದಿನ ಆಫೀಸಿನವರು ಶಾಲು ಹೊದಿಸಿ, "ಮೂವತ್ತು ವರ್ಷದಲ್ಲಿ ಆಚಾರ್ರ ಕಣ್ಣು ತಪ್ಪಿದ್ದೇ ಇಲ್ಲ" ಎಂದರು. ನಾನು ತಲೆ ತಗ್ಗಿಸಿ ಕುಳಿತಿದ್ದೆ. ಎಲ್ಲರೂ ಅದನ್ನು ವಿನಯ ಎಂದುಕೊಂಡರು. ಅದು ವಿನಯವಾಗಿರಲಿಲ್ಲ.

ನಾನು ನಾಗಮಂಗಲದವನು. ಅಪ್ಪ ಚಿನ್ನದ ಕೆಲಸ ಮಾಡುತ್ತಿದ್ದರು. ಅಂಗಡಿ ಅಣ್ಣನಿಗೆ ಹೋಯಿತು, ನನಗೆ ಬಂದದ್ದು ಕಣ್ಣು ಮಾತ್ರ. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕುಳಿತಿದ್ದಾಗ ಶ್ರೀರಂಗಪಟ್ಟಣದಲ್ಲಿ ಚನ್ನಪ್ಪ ಮೇಷ್ಟ್ರು ಎಂಬ ನಿವೃತ್ತ ಗಣಿತದ ಮೇಷ್ಟ್ರು ಇಂಥದೊಂದು ಆಫೀಸು ಇಟ್ಟಿದ್ದಾರೆಂದು ಯಾರೋ ಹೇಳಿದರು. ಕೋಟೆಯೊಳಗೆ, ಒಂದು ಬಟ್ಟೆ ಅಂಗಡಿಯ ಮೇಲೆ, ಎರಡು ಕೋಣೆ. ಮೇಷ್ಟ್ರು ನನ್ನ ಅಂಕಪಟ್ಟಿ ನೋಡಲಿಲ್ಲ. ಒಂದು ಗೆರೆ ಎಳೆದು, "ಇದ್ರ ಮೂರನೇ ಒಂದು ಭಾಗ ಎಲ್ಲಿ ಬತ್ತದೆ, ಚುಕ್ಕೆ ಇಡು" ಎಂದರು. ಇಟ್ಟೆ. ಸ್ಕೇಲು ಇಟ್ಟು ಅಳೆದರು. "ಅಕ್ಸಾಲಿ ಮನೆಯೋನಾ?" ಎಂದರು. ಕೆಲಸ ಸಿಕ್ಕಿತು.

ಆಗಿನ ಸಲಕರಣೆ ಎಂದರೆ ಝೆರಾಕ್ಸ್ ಪ್ರತಿ, ಸ್ಕೇಲು, ಕೈವಾರ, ಚೂಪಾಗಿ ಕೆತ್ತಿದ ಪೆನ್ಸಿಲು, ಒಂದು ಭೂತಗನ್ನಡಿ. ಪ್ರಬಂಧದ ಪುಟವನ್ನು ದೊಡ್ಡದು ಮಾಡಿಸಿಕೊಂಡು ಬಂದು, ಪ್ರತಿ ಚುಕ್ಕೆಯಿಂದ ಕೆಳಗಿನ ಅಕ್ಷಕ್ಕೂ ಪಕ್ಕದ ಅಕ್ಷಕ್ಕೂ ದೂರ ಅಳೆದು ಲೆಕ್ಕ ಹಾಕಬೇಕು. ಒಂದು ಗ್ರಾಫಿಗೆ ಅರ್ಧ ದಿನ ಹಿಡಿಯುತ್ತಿತ್ತು.

ಸೇರಿದ ಮೂರನೇ ತಿಂಗಳಿಗೆ ಮೊದಲ ತಪ್ಪು ಮಾಡಿದೆ. ಭತ್ತದ ತಳಿಗಳ ಮೇಲಿನ ಪ್ರಬಂಧ ಅದು. ಝೆರಾಕ್ಸ್ ಯಂತ್ರ ಪುಟವನ್ನು ಉದ್ದಕ್ಕೆ ಒಂದು ಚೂರು ಹೆಚ್ಚು ಎಳೆದಿತ್ತು. ನಾನು ಅಡ್ಡಕ್ಕೂ ಉದ್ದಕ್ಕೂ ಒಂದೇ ಅಳತೆ ಹಿಡಿದು ಎಲ್ಲ ಅಂಕಿಗಳನ್ನೂ ಬರೆದು ಕಳಿಸಿಬಿಟ್ಟೆ. ಅಂಕಿ ಹೊಂದುತ್ತಿಲ್ಲವೆಂದು ಕೆಲಸ ಕೊಟ್ಟವರಿಂದ ಕಾಗದ ಬಂದ ದಿನ ಮೇಷ್ಟ್ರು ನನ್ನನ್ನು ಕರೆದು ಮೂಲ ಪ್ರಬಂಧವನ್ನೂ ನನ್ನ ಪ್ರತಿಯನ್ನೂ ಪಕ್ಕಪಕ್ಕ ಇಟ್ಟರು.

"ಇಲ್ಲಿ ಚೌಕ ಇದ್ದದ್ದು ಅಲ್ಲೂ ಚೌಕವಾಗೇ ಅದಾ ಅಂತ ನೋಡ್ದಾ?"

"ಇಲ್ಲ ಸಾರ್."

"ಅಂಗಾದ್ರೆ ನೀನು ಗ್ರಾಫ್ ಓದ್ಲಿಲ್ಲ ಕಣ್ಲಾ. ಝೆರಾಕ್ಸ್ ಓದ್ದೆ."

ಅಷ್ಟೇ ಬೈದದ್ದು. ಆಮೇಲೆ ಅವರಿಗೆ ಉತ್ತರ ಬರೆದರು. ತಪ್ಪು ನನ್ನದು, ಸರಿಪಡಿಸಿ ಕಳಿಸುತ್ತಿದ್ದೇನೆ ಎಂದು ತಮ್ಮ ಹೆಸರು ಹಾಕಿ ಬರೆದಿದ್ದರು. ಅಂಚೆಗೆ ಹಾಕಲು ನನ್ನ ಕೈಗೇ ಕೊಟ್ಟದ್ದರಿಂದ ಅದು ನನಗೆ ಗೊತ್ತಾಯಿತು. ಆಗ ನನಗೆ ಇದು ದೊಡ್ಡ ಪಾಠವೆಂದು ಅನ್ನಿಸಲಿಲ್ಲ, ಪಾರಾದೆ ಎಂದಷ್ಟೇ ಅನ್ನಿಸಿತು.

ಇನ್ನೊಂದು ಸಂಗತಿ ನೆನಪಾಗುತ್ತದೆ. ಬಣ್ಣದ ಎರಡು ಗೆರೆಗಳಿದ್ದ ಗ್ರಾಫು ನಮಗೆ ಕಪ್ಪು ಬಿಳುಪಿನ ಪ್ರತಿಯಾಗಿ ಬಂದಿತ್ತು. ಯಾವುದು ಗೊಬ್ಬರ ಹಾಕಿದ ಗದ್ದೆ, ಯಾವುದು ಹಾಕದ ಗದ್ದೆ ಎಂದು ತಿಳಿಯಲಿಲ್ಲ. ಮೇಲಿನದೇ ಗೊಬ್ಬರದ್ದು ಎಂದು ಬರೆದುಬಿಡೋಣ ಎಂದೆ. ಮೇಷ್ಟ್ರು ಬಿಡದೆ ಪ್ರಬಂಧ ಬರೆದ ವಿಜ್ಞಾನಿಗೇ ಪತ್ರ ಹಾಕಿಸಿದರು. ಎರಡು ತಿಂಗಳ ಮೇಲೆ ಉತ್ತರ ಬಂತು. ಕೆಳಗಿನದೇ ಗೊಬ್ಬರ ಹಾಕಿದ್ದು, ಆ ಸಲ ಪೈರು ಬೆಂಕಿರೋಗ ಬಂದು ಮಲಗಿತ್ತು ಎಂದು ಬರೆದು, ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದರು: ನನ್ನ ಮೂಲ ಅಂಕಿಗಳು ಕಳೆದುಹೋಗಿವೆ, ನೀವು ಓದಿ ಮುಗಿಸಿದ ಮೇಲೆ ನನಗೂ ಒಂದು ಪ್ರತಿ ಕಳಿಸಿ.

ಮೇಷ್ಟ್ರು ತೀರಿಕೊಂಡ ಮೇಲೆ ಅವರ ಅಳಿಯ ಪ್ರಭಾಕರ್ ಆಫೀಸನ್ನು ಪಾಂಡವಪುರಕ್ಕೆ ತಂದರು. ಕಂಪ್ಯೂಟರು ಬಂತು. ಪರದೆಯ ಮೇಲೆ ಗ್ರಾಫು ಇಟ್ಟು ಮೌಸಿನಿಂದ ಚುಕ್ಕೆಗಳ ಮೇಲೆ ಒತ್ತಿದರೆ ಅಂಕಿ ತಾನೇ ಬೀಳುತ್ತಿತ್ತು. ಅರ್ಧ ದಿನದ ಕೆಲಸ ಅರ್ಧ ಗಂಟೆಗೆ ಇಳಿಯಿತು. ಕೆಲವು ವರ್ಷಗಳಲ್ಲಿ ಅದೂ ಹಳತಾಯಿತು. ಹೊಸ ಸಾಫ್ಟ್‌ವೇರು ಬಂತು. ಇದಕ್ಕೆ ಒತ್ತುವುದೂ ಬೇಕಿರಲಿಲ್ಲ. ಪ್ರಬಂಧವನ್ನು ಇಡಿಯಾಗಿ ಕೊಟ್ಟರೆ ಒಳಗೆ ಗ್ರಾಫು ಎಲ್ಲಿದೆ ಎಂದು ತಾನೇ ಹುಡುಕಿ, ಅಕ್ಷ ಯಾವುದು, ಗೆರೆ ಯಾವುದು ಎಂದು ತಾನೇ ಗುರುತಿಸಿ, ಅಂಕಿಗಳ ಪಟ್ಟಿ ಮುಂದಿಡುತ್ತಿತ್ತು. ಊಟಕ್ಕೆ ಎದ್ದು ಹೋಗಿ ಬರುವಷ್ಟರಲ್ಲಿ ನೂರಾರು ಗ್ರಾಫು ಮುಗಿದಿರುತ್ತಿದ್ದವು. ನಮಗೆ ಉಳಿದದ್ದು ಅದು ಓದಿದ್ದು ಸರಿಯೇ ಎಂದು ನೋಡುವುದು.

ಅದರ ತಪ್ಪುಗಳು ಮನುಷ್ಯರ ತಪ್ಪಿನಂತಿರಲಿಲ್ಲ. ಗ್ರಾಫಿನೊಳಗೆ ಬರೆದ ಅಕ್ಷರದ ಸೊನ್ನೆಯನ್ನು ಚುಕ್ಕೆ ಎಂದು ಎಣಿಸುತ್ತಿತ್ತು. ಹಳೆಯ ಪುಸ್ತಕವೊಂದರಲ್ಲಿ ಹಾಳೆಗೆ ಅಂಟಿ ಸತ್ತಿದ್ದ ಸೊಳ್ಳೆಯನ್ನೂ ಪ್ರಯೋಗದ ಫಲವೆಂದೇ ತಿಳಿದು ಎರಡು ದಶಮಾಂಶದವರೆಗೆ ಬೆಲೆ ಕೊಟ್ಟಿತ್ತು. ತಪ್ಪನ್ನೂ ಸರಿಯಷ್ಟೇ ಧೈರ್ಯದಿಂದ ಹೇಳುತ್ತಿತ್ತು. ಅದಕ್ಕೇ ಪ್ರತಿ ಗ್ರಾಫಿಗೂ ಇಬ್ಬರ ಸಹಿ ಬೇಕೆಂದು ನಿಯಮ ಮಾಡಿದೆವು. ಮೊದಲ ನೋಟ ಕಿರಿಯರದು, ಎರಡನೇ ನೋಟ ನನ್ನದು. ಮೊದಲ ನೋಟದವರಿಗೆ ಅನುಮಾನ ಬಂದರೆ ಸಹಿಯ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆಯಬೇಕು. ಕೊನೆಯ ಮಾತು ಎರಡನೇ ನೋಟದ್ದು.

ಸೊಳ್ಳೆಯನ್ನು ಹಿಡಿದವಳು ನಾಗರತ್ನ. ಕೆ.ಆರ್. ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯ ಕಡೆಯ ಹುಡುಗಿ, ಒಕ್ಕಲು ಮನೆಯವಳು. ದಿನಾ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಮಾತು ಕಡಿಮೆ. ಅವಳು ಬಂದ ಎರಡನೇ ವರ್ಷ ನನ್ನ ಕಣ್ಣಿಗೆ ಪೊರೆ ಬರತೊಡಗಿತು.

ಇಲ್ಲಿಂದ ಮುಂದೆ ಬರೆಯುವುದು ನನಗೆ ಕಷ್ಟ.

ಮೊದಲು ಗೊತ್ತಾದದ್ದು ನನ್ನ ಹೆಂಡತಿ ಗಿರಿಜಳಿಗೆ. ನಾನು ಲೋಟದ ಪಕ್ಕಕ್ಕೆ ಕಾಫಿ ಬಗ್ಗಿಸಿದ್ದೆ. "ಕಣ್ಣು ತೋರುಸ್ಕಳಿ ಅಂತ ಎಷ್ಟ್ ದಪ ಯೋಳ್ಬೇಕು?" ಎಂದಳು. ಕೈ ನಡುಗಿತು ಎಂದೆ. ನಮ್ಮಪ್ಪ ಕಣ್ಣು ಮಂಜಾದ ವಾರವೇ ಕುಲುಮೆಯ ಮುಂದಿನಿಂದ ತಾವಾಗಿ ಎದ್ದವರು. ಮತ್ತೆ ಕೂರಲಿಲ್ಲ. ನನಗೆ ಏಳುವ ಮನಸ್ಸಿರಲಿಲ್ಲ. ಆಫೀಸಿನಲ್ಲಿ ನನಗಿದ್ದ ಮರ್ಯಾದೆಯೆಲ್ಲ ಕಣ್ಣಿನದು, ಅದು ಹೋಯಿತೆಂದರೆ ನಾನು ಯಾರು? ಪರದೆಯ ಮೇಲೆ ಗ್ರಾಫನ್ನು ದೊಡ್ಡದು ಮಾಡಿಕೊಂಡು ನೋಡಿದರೂ ಹೊಗೆಯ ಹಿಂದಿನಿಂದ ನೋಡಿದಂತೆ ಕಾಣುತ್ತಿತ್ತು. ಅಕ್ಷದ ಮೇಲೆ ಅಳತೆ ತೋರಿಸುವ ಸಣ್ಣ ಗೀಟುಗಳಂತೂ ಕಾಣುತ್ತಲೇ ಇರಲಿಲ್ಲ. ಯಂತ್ರ ಓದಿದ್ದು ಸಾಮಾನ್ಯವಾಗಿ ಸರಿಯಿರುತ್ತದೆ ಎಂಬ ಧೈರ್ಯದ ಮೇಲೆ ಸಹಿ ಹಾಕುತ್ತಾ ಹೋದೆ. ಒಂದು ದಿನವಲ್ಲ, ಒಂದು ವರ್ಷದ ಮೇಲೆ. ಯಾವುದೂ ತಿರುಗಿ ಬರಲಿಲ್ಲ. ಕಣ್ಣಿಲ್ಲದೆಯೂ ಅನುಭವ ಕೈ ಹಿಡಿಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಆಗ ಬಂದದ್ದು ರೇಷ್ಮೆ ಹುಳುವಿನ ಗ್ರಾಫು.

ಒಂದು ಸೇವಾ ಸಂಸ್ಥೆಯವರು ರೇಷ್ಮೆ ಸಾಕುವವರಿಗೆ ಕೈಪಿಡಿ ಮಾಡುತ್ತಿದ್ದರು. ಹುಳುವಿಗೆ ರೋಗ ತಗಲದಂತೆ ತಟ್ಟೆಯ ಮೇಲೆ ಉದುರಿಸುವ ಒಂದು ಪುಡಿಯನ್ನು ಎಷ್ಟು ಬೆರೆಸಬೇಕು ಎಂಬುದಕ್ಕೆ ಹಳೆಯದೊಂದು ಪ್ರಬಂಧ ಮಾತ್ರ ಸಿಕ್ಕಿತ್ತು. ಅದರಲ್ಲಿ ಅಂಕಿಯಿಲ್ಲ, ಗ್ರಾಫು ಮಾತ್ರ. ಕೆಳಗಿನ ಅಕ್ಷದ ಎಡತುದಿಗೆ ಒಂದು, ಬಲತುದಿಗೆ ಹತ್ತು ಎಂದು ಅಚ್ಚಾಗಿತ್ತು. ನಡುವೆ ಅಂಕಿಗಳಿಲ್ಲ, ಸಣ್ಣ ಗೀಟುಗಳು ಮಾತ್ರ. ಬೇಕಾದ ಚುಕ್ಕೆ ಸರಿಯಾಗಿ ಮಧ್ಯದಲ್ಲಿತ್ತು. ಯಂತ್ರ ಅದನ್ನು ಐದೂವರೆ ಎಂದು ಓದಿತು.

ಕೆಲವು ಗ್ರಾಫುಗಳಲ್ಲಿ ಅಂಕಿಗಳು ಸಮದೂರದಲ್ಲಿ ಕೂರುವುದಿಲ್ಲ. ಒಂದರಿಂದ ಎರಡಕ್ಕೆ ಎಷ್ಟು ದೂರವೋ ಎರಡರಿಂದ ನಾಲ್ಕಕ್ಕೂ ಅಷ್ಟೇ ದೂರ, ನಾಲ್ಕರಿಂದ ಎಂಟಕ್ಕೂ ಅಷ್ಟೇ. ಅಂಥ ಅಕ್ಷದಲ್ಲಿ ಒಂದಕ್ಕೂ ಹತ್ತಕ್ಕೂ ಮಧ್ಯದಲ್ಲಿರುವ ಚುಕ್ಕೆ ಐದೂವರೆಯಲ್ಲ, ಮೂರಕ್ಕಿಂತ ಸ್ವಲ್ಪ ಹೆಚ್ಚು. ಅದು ಅಂಥ ಅಕ್ಷವೆಂದು ತಿಳಿಯುವುದಕ್ಕೆ ಇದ್ದ ಗುರುತು ಒಂದೇ: ಗೀಟುಗಳು ಬಲಕ್ಕೆ ಹೋದ ಹಾಗೆ ಒತ್ತೊತ್ತಾಗಿ ಬರುವುದು.

ನಾಗರತ್ನ ಅದನ್ನು ನೋಡಿದ್ದಳು. ಹಾಳೆಯ ಅಂಚಿನಲ್ಲಿ 'ಗೀಟು ಸಮ ಇಲ್ಲ, ಅಕ್ಷ ನೋಡಬೇಕು' ಎಂದು ಬರೆದು ನನ್ನ ಮೇಜಿಗೆ ತಂದಳು.

"ಸಾರ್, ಈ ಗೀಟು ಬಲಕ್ಕೆ ಒತ್ತಾಗ್ತಾವೆ. ಯಂತ್ರ ತಪ್ಪು ಓದ್ಯದೆ ಅನ್ಸ್ತದೆ. ಒಂದ್ ಕಿತ ನೋಡಿ."

ನಾನು ಪರದೆಗೆ ಬಗ್ಗಿದೆ. ನನಗೆ ಗೀಟೇ ಕಾಣಲಿಲ್ಲ. ಬೂದು ಬಣ್ಣದ ಒಂದು ಪಟ್ಟಿ ಕಂಡಿತು. ಆ ಕ್ಷಣದಲ್ಲಿ 'ನನಗೆ ಕಾಣುತ್ತಿಲ್ಲಮ್ಮ' ಎಂದಿದ್ದರೆ ಎಲ್ಲವೂ ಮುಗಿಯುತ್ತಿತ್ತು. ಕೋಣೆಯಲ್ಲಿ ಇನ್ನೂ ನಾಲ್ಕು ಜನ ಕಿರಿಯರಿದ್ದರು. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು, "ನೀನು ಹುಟ್ಟೋಕ್ ಮುಂಚಿಂದ ಗೀಟು ನೋಡ್ತಾ ಇವ್ನಿ. ಹಳೇ ಅಚ್ಚು, ಅಂಗೇ ಕಾಣೋದು. ಕೆಲ್ಸ ಮುಂದಕ್ಕೆ ಓಗ್ಲಿ" ಎಂದೆ. ಅವಳು ನಿಂತೇ ಇದ್ದಳು. ನಾನು ಡ್ರಾಯರಿನಿಂದ ರಬ್ಬರು ತೆಗೆದು, ಅವಳ ಎದುರಿಗೇ, ಅಂಚಿನಲ್ಲಿದ್ದ ಆ ಸಾಲನ್ನು ಅಳಿಸಿದೆ. "ಸೈನ್ ಹಾಕು" ಎಂದೆ. ಹಾಕಿದಳು. ಕೆಳಗೆ ನಾನೂ ಹಾಕಿದೆ.

ಸಂಸ್ಥೆಯವರು ಕೈಪಿಡಿ ಅಚ್ಚು ಹಾಕಿಸುವ ಮುನ್ನ ಒಂದು ಮನೆಯಲ್ಲಿ ಪರೀಕ್ಷೆ ಮಾಡಿದರು. ಹೊಸಹೊಳಲಿನಿಂದ ಸ್ವಲ್ಪ ದೂರದ ಹಳ್ಳಿ, ಜಯಮ್ಮ ಎಂಬುವರ ಮನೆ. ನಾಲ್ಕನೇ ಜ್ವರ ಎದ್ದ ಹುಳು, ಎಂದರೆ ಇನ್ನು ಒಂದು ವಾರಕ್ಕೆ ಗೂಡು ಕಟ್ಟಬೇಕಾದ ಹುಳು. ಪುಡಿ ಉದುರಿಸಿದ ಮಾರನೆಯ ದಿನದಿಂದ ಸೊಪ್ಪು ಮುಟ್ಟಲಿಲ್ಲ. ಮೂರು ದಿನದಲ್ಲಿ ತಟ್ಟೆ ತಟ್ಟೆಯೇ ಸತ್ತವು.

ಸಂಸ್ಥೆಯ ಅಧಿಕಾರಿ ಪ್ರಬಂಧದ ಹಾಳೆ ಹಿಡಿದುಕೊಂಡು ನಮ್ಮ ಆಫೀಸಿಗೆ ಬಂದರು. ಅವರೇ ಬೇರೆ ಯಾರಿಂದಲೋ ಅಕ್ಷವನ್ನು ಓದಿಸಿಕೊಂಡು ಬಂದಿದ್ದರು. ಪ್ರಭಾಕರ್ ನನ್ನನ್ನೂ ನಾಗರತ್ನಳನ್ನೂ ಒಳಗೆ ಕರೆದು, ಸಹಿಯ ಹಾಳೆಯನ್ನು ಮೇಜಿನ ಮೇಲೆ ಇಟ್ಟರು. ಅಂಚು ಖಾಲಿಯಿತ್ತು.

"ಮೊದಲ ನೋಟ ನಿಂದು. ಅನುಮಾನ ಬಂದ್ರೆ ಬರೀಬೇಕು ಅಂತ ನಿಯಮ ಅದೆ. ಯಾಕ್ ಬರೀಲಿಲ್ಲ?" ಎಂದು ಪ್ರಭಾಕರ್ ಅವಳನ್ನು ಕೇಳಿದರು.

ಅವಳು ನನ್ನ ಕಡೆ ನೋಡಿದಳು. ಎಷ್ಟು ಹೊತ್ತು ನೋಡಿದಳೋ ಹೇಳಲಾರೆ, ನಾನು ಆ ಕಡೆ ನೋಡಲಿಲ್ಲ. ಆಮೇಲೆ ಪ್ರಭಾಕರ್ ನನ್ನನ್ನು ಕೇಳಿದರು, "ಆಚಾರ್ರೆ, ಇವ್ಳು ನಿಮ್ಗೇನಾದ್ರೂ ಯೋಳಿದ್ಲಾ?"

ನಾನು "ಗೆಪ್ತಿ ಇಲ್ಲ" ಎಂದೆ.

ಈ ಎರಡು ಪದಗಳನ್ನು ಬರೆಯುವುದಕ್ಕೇ ನಾನು ಇಷ್ಟು ಪುಟ ತಿರುಗಿ ಬಂದಿದ್ದೇನೆ. ಅವಳು ಹೇಳಲಿಲ್ಲ ಎಂದು ಪೂರ್ತಿ ಸುಳ್ಳು ಹೇಳುವ ಧೈರ್ಯವೂ ನನಗಿರಲಿಲ್ಲ, ನೆನಪಿಲ್ಲ ಎಂದೆ.

ನಾಗರತ್ನ ವಾದ ಮಾಡಲಿಲ್ಲ. ಆ ತಿಂಗಳ ಕೊನೆಗೆ ಅವಳನ್ನು ಕೆಲಸದಿಂದ ಬಿಡಿಸಿದರು. ಕೆಳಗಿದ್ದ ನನ್ನ ಸಹಿಯ ಬಗ್ಗೆ ಯಾರೂ ಕೇಳಲಿಲ್ಲ. ಹೊರಡುವ ದಿನ ಕಿರಿಯರು ಅವಳ ಜೊತೆ ಬಸ್ ಸ್ಟ್ಯಾಂಡಿನವರೆಗೆ ಹೋದರು. ನಾನು ಕಿಟಕಿಯ ಬಳಿ ಫೈಲು ಹುಡುಕುತ್ತಿದ್ದೆ.

ಅವಳು ಹೋದ ಮೇಲೆ ಒಂದು ವಿಚಿತ್ರ ನಡೆಯಿತು. ನಮ್ಮ ಕೆಲಸ ತಿರುಗಿ ಬರತೊಡಗಿತು. ಮೊದಲು ಒಂದು, ಆಮೇಲೆ ಎರಡು, ಮೂರು. ಹೊಸ ಹುಡುಗರ ಮೊದಲ ನೋಟ ಸರಿಯಿಲ್ಲ ಎಂದು ನಾನು ಗೊಣಗಿದೆ. ಆದರೆ ಹೆದರಿಕೆಯಾಯಿತು. ಗಿರಿಜ ಹೇಳುವುದನ್ನು ಕಾಯದೆ ನಾನೇ ಹೋಗಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡೆ. ಪಟ್ಟಿ ಬಿಚ್ಚಿ, ಒಂದು ತಿಂಗಳು ಕಳೆದು ಆಫೀಸಿಗೆ ಹೋದ ದಿನ ಮೊದಲು ತೆಗೆದದ್ದು ಆ ರೇಷ್ಮೆ ಹುಳುವಿನ ಗ್ರಾಫನ್ನು. ಗೀಟುಗಳು ಕಂಡವು. ಎಡಗಡೆ ಬಿಡಿಬಿಡಿಯಾಗಿ, ಬಲಗಡೆ ಒತ್ತೊತ್ತಾಗಿ. ಭೂತಗನ್ನಡಿಯೂ ಬೇಕಿರಲಿಲ್ಲ. ಶಾಲೆಯ ಮಗುವಿಗೂ ಕಾಣುವಷ್ಟು ಸ್ಪಷ್ಟ. ಅವಳು ಇದನ್ನು ನೋಡಿಕೊಂಡು ನನ್ನ ಮುಂದೆ ನಿಂತಿದ್ದಳು, ನಾನು ರಬ್ಬರು ಉಜ್ಜುತ್ತಿದ್ದೆ.

ಪ್ರಭಾಕರ್ ಬಳಿ ಹೋಗಿ ಹೇಳಿದೆ. ಅವರು ಬಾಗಿಲು ಮುಚ್ಚಿ ಬಂದು ಕುಳಿತರು. "ಬುಡಿ ಆಚಾರ್ರೆ. ಮುಗ್ದೋದ್ ಕತೆ. ಈಗ ಅದ್ನ ಎತ್ತುದ್ರೆ ಆಫೀಸಿನ ಮರ್ವಾದೆ ಓಯ್ತದೆ" ಎಂದರು. ನಾನು ಬಿಟ್ಟೆ. ಅವರು ಹೇಳಿದ್ದರಿಂದ ಬಿಟ್ಟೆ ಎಂದರೆ ಸುಳ್ಳಾಗುತ್ತದೆ. ಬಿಡಿ ಎಂದು ಯಾರಾದರೂ ಹೇಳಲಿ ಎಂದೇ ಹೋಗಿದ್ದೆ. ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು.

ಶಾಲು ಹೊದಿಸಿಕೊಂಡು ಮನೆಗೆ ಬಂದು ಹತ್ತು ದಿನ ಆದ ಮೇಲೆ ಕೆ.ಆರ್. ಪೇಟೆ ಬಸ್ಸು ಹತ್ತಿದೆ. ನಾಗರತ್ನ ತನ್ನ ಊರಿನ ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಬೆಳಗಿನ ಹಾಲು ಮುಗಿದು ಕ್ಯಾನುಗಳನ್ನು ತೊಳೆಸುತ್ತಿದ್ದಳು. ನನ್ನನ್ನು ನೋಡಿ ಕುರ್ಚಿ ಹಾಕಿದಳು. ನಾನು ಕೂರದೆ ಹೇಳಲು ಶುರು ಮಾಡಿದೆ. ಕಣ್ಣಿನ ವಿಷಯ, ರಬ್ಬರು, ಪ್ರಭಾಕರ್ ಕೋಣೆ, ಎಲ್ಲ. ಅವಳು ಪೂರ್ತಿ ಕೇಳಿದಳು.

"ನಿಮ್ಗೆ ಕಾಣಕಿಲ್ಲ ಅಂತ ನಂಗೆ ಗೊತ್ತಿತ್ತು ಸಾರ್."

"ಯಾವಾಗಿಂದ?"

"ಮೊದಲ್ನಿಂದ. ಪರದೆ ಮೇಲೆ ಉಲ್ಟಾ ಇರೋ ಗ್ರಾಫಿಗೂ ಒಂದಿನ ಸೈನ್ ಹಾಕಿದ್ರಿ. ಅವತ್ನಿಂದ ನೀವು ಮುಗಿಸಿದ ಫೈಲನ್ನ ಊಟದ್ ಒತ್ನಲ್ಲಿ ನಾನು ಇನ್ನೊಂದ್ ಕಿತ ನೋಡ್ತಿದ್ದೆ. ತಪ್ಪಿದ್ರೆ ತಿದ್ದಿ ಕಳ್ಸ್ತಿದ್ದೆ. ಆ ಉಳದ್ ಗ್ರಾಫು ಒಂದ್ನ ಮಾತ್ರ ನಿಮ್ ಕೈಲೇ ಇಟ್ಕಂಡು ಅವತ್ತೇ ಕಳ್ಸ್‌ಬುಟ್ರಿ."

ಯಾವುದೂ ತಿರುಗಿ ಬರದಿದ್ದ ಆ ಒಂದು ವರ್ಷ ನನಗೆ ನೆನಪಾಯಿತು. ನನ್ನ ಅನುಭವ ಎಂದುಕೊಂಡದ್ದು ಅವಳ ಊಟದ ಹೊತ್ತು.

"ಅವತ್ತು ಯಾಕ್ ಯೋಳ್ಲಿಲ್ಲಮ್ಮ? ಪ್ರಭಾಕರ್ ಮುಂದೆ?"

"ನೀವೇ ಯೋಳ್ತೀರ ಅಂತ ಕಾಯ್ತಿದ್ದೆ" ಎಂದಳು. ಕೋಪದಿಂದ ಹೇಳಲಿಲ್ಲ. ಕೋಪದಿಂದ ಹೇಳಿದ್ದರೆ ನನಗೆ ಹಗುರವಾಗುತ್ತಿತ್ತು.

ನಾನು ಏನು ಮಾಡಬೇಕು ಹೇಳು ಎಂದೆ. ಪ್ರಭಾಕರ್‌ಗೆ ಬರೆದು ಕೊಡುತ್ತೇನೆ, ಆಫೀಸಿನ ಎಲ್ಲರ ಮುಂದೆ ಹೇಳುತ್ತೇನೆ ಎಂದೆ. ಅವಳು ಕೈ ಒರೆಸಿಕೊಂಡಳು.

"ಅದ್ನ ನೀವು ಮಾಡಿ, ಬುಡಿ. ನಂಗೇನೂ ಆಗ್ಬೇಕಾಗಿಲ್ಲ. ಜಯಮ್ಮಂಗೆ ಆಫೀಸಿನೋರು ಯಾರೂ ಯೋಳಿಲ್ಲ ಸಾರ್. ನಮ್ ಚಿಕ್ಕವ್ವನ ಊರೇ ಅದು. ಸಂಸ್ಥೆಯೋರು ಏನೋ ಸೋಂಕು ಅಂದ್ಬುಟ್ಟು ಓದ್ರಂತೆ. ಆಯಮ್ಮ ತನ್ನ ಕೈಯೇ ಸರಿ ಇಲ್ಲ ಅಂದ್ಕಂಡವ್ರೆ. ನಾನೊಂದ್ ಸಲ ಯೋಳಿದ್ರೆ, ಸಮಾಧಾನಕ್ಕೆ ಯೋಳ್ತೀಯ ಅಂದ್ರು."

ಆವತ್ತೇ ಮಧ್ಯಾಹ್ನ ಹೋದೆವು. ನಾಗರತ್ನ ತನ್ನ ಸ್ಕೂಟರಿನ ಹಿಂದೆ ನನ್ನನ್ನು ಕೂರಿಸಿಕೊಂಡು ಹೋದಳು. ಜಯಮ್ಮ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ನಲವತ್ತರ ಆಸುಪಾಸಿನ ಹೆಂಗಸು. ಪಕ್ಕದಲ್ಲಿ ಹುಳು ಸಾಕುವ ಮನೆ. ಒಳಗಿನಿಂದ ಇನ್ನೊಬ್ಬ ಹೆಂಗಸು ಸೊಪ್ಪಿನ ಖಾಲಿ ಕುಕ್ಕೆ ಹೊತ್ತು ಬಂದಳು. ಅವಳು ವಾರಗಿತ್ತಿ ಎಂದು ಆಮೇಲೆ ತಿಳಿಯಿತು. ಆ ಬೆಳೆ ಹೋದಂದಿನಿಂದ ಜಯಮ್ಮನನ್ನು ಹುಳುವಿನ ಮನೆಯ ಹೊಸಿಲು ದಾಟಲು ಬಿಟ್ಟಿರಲಿಲ್ಲ. ಅವರ ಕೈಗುಣ ಹುಳುವಿಗೆ ಆಗುವುದಿಲ್ಲವೆಂದು ಅತ್ತೆ ಹೇಳಿದ್ದರಂತೆ. ಮದುವೆಯಾಗಿ ಬಂದಂದಿನಿಂದ ಹುಳು ಸಾಕಿದ್ದವರು ಅವರೇ.

ನಾನು ಜಗಲಿಯ ಕೆಳಗೆ ನಿಂತುಕೊಂಡೇ ಹೇಳಿದೆ. ಗ್ರಾಫು, ಅಕ್ಷ ಎಂದೆಲ್ಲ ಶುರು ಮಾಡಿದವನು ಅವರ ಮುಖ ನೋಡಿ ನಿಲ್ಲಿಸಿದೆ. "ಪುಡಿ ಎಷ್ಟ್ ಬೆರುಸ್ಬೇಕು ಅಂತ ಬರ್ದು ಕೊಟ್ಟೋನು ನಾನು ಕಣಮ್ಮ. ಕಣ್ಣು ಕಾಣ್ದೆ ಎಚ್ಚು ಕಮ್ಮಿ ಎರಡರಷ್ಟು ಬರ್ದೆ. ಈ ಉಡುಗಿ ತಪ್ಪು ಅಂತ ಯೋಳಿದ್ಲು, ನಾನು ಕೇಳ್ಲಿಲ್ಲ. ಉಳ ಸತ್ತದ್ದು ನನ್ನಿಂದ. ನೀವು ಸರ್ಯಾಗೇ ಉದುರ್ಸಿದ್ರಿ."

ಜಯಮ್ಮ ಕೈಯಲ್ಲಿದ್ದ ಕಾಯಿಯನ್ನು ಬಿಡಿಸಿ ಮುಗಿಸಿದರು. ಕಾಳು ಮೊರಕ್ಕೆ ಬಿತ್ತು. ಬೈಯುತ್ತಾರೆ ಎಂದು ನಾನು ಕಾದೆ. ಅವರು ಮೊರವನ್ನು ಪಕ್ಕಕ್ಕಿಟ್ಟು ಎದ್ದು, ಬಾಗಿಲ ಕಡೆ ತಿರುಗಿ ಕರೆದರು.

"ಅತ್ತೆ, ವಸಿ ಈಚೆಗ್ ಬನ್ನಿ."

ಮುದುಕಿ ಗೋಡೆ ಹಿಡಿದುಕೊಂಡು ಬಂದು ಹೊಸಿಲ ಮೇಲೆ ಕುಳಿತರು. ಕುಕ್ಕೆಯ ಹೆಂಗಸೂ ನಿಂತಳು. ಎದುರು ಮನೆಯ ಇಬ್ಬರು ಬೇಲಿಯ ಹತ್ತಿರ ಬಂದರು. ಜಯಮ್ಮ ನನ್ನ ಕಡೆ ತಿರುಗಿ, "ಅತ್ತೆಗೆ ಕಿವಿ ಮಂದ" ಎಂದರು. "ಈಗ ನಂಗೆ ಯೋಳಿದ್ರಲ್ಲ, ಅದ್ನೇ ಇನ್ನೊಂದ್ ದಪ ಯೋಳಿ. ಜೋರಾಗ್ ಯೋಳಿ."

ನಾನು ಜೋರಾಗಿ ಹೇಳಿದೆ.